ಹಿಮಕರಡಿಯ ನಾಡಿನಲ್ಲಿ ಗೈಡ್ ವಿದ್ಯೆ: ಹೊರಡುವ ಮುನ್ನ ತಿಳಿಯಬೇಕಾದದ್ದು

ಪಿಯುಸಿ ಮತ್ತು ಪದವಿ ಫಲಿತಾಂಶಗಳು ಬಂದ ಕೂಡಲೇ ನಮ್ಮ ಕಚೇರಿಗೆ ಪೋಷಕರ ಪ್ರಶ್ನೆಗಳು ಬರುವುದು ವಾಡಿಕೆ. ನರ್ಸಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್, ಹಡಗಿನ ಕೆಲಸ ಇವುಗಳ ಬಗ್ಗೆ ಹೇಳಿ ಹೇಳಿ ನಮಗೂ ಅಭ್ಯಾಸವಾಗಿದೆ. ಈ ಸಲ ಬಂದ ಒಂದು ಪ್ರಶ್ನೆ ಮಾತ್ರ ಹೊಸದು. "ಫಾದರ್, ಮಗ ನಾರ್ವೆಗೆ ಹೋಗಿ ಗೈಡ್ ಕೆಲಸ ಕಲಿಯುತ್ತಾನಂತೆ. ಜನರನ್ನು ಗುಡ್ಡ ಹತ್ತಿಸುವುದನ್ನು ಕಲಿಯಲು ಸಾಲ ಮಾಡಿ ಪರದೇಶಕ್ಕೆ ಹೋಗಬೇಕೇ?" ಎಂದು ಒಬ್ಬ ತಂದೆ ಕೇಳಿದರು. ಮಾತಿನಲ್ಲಿ ಸ್ವಲ್ಪ ಕೋಪವಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಿತ್ತು. ಅವರಿಗೆ ಕೊಟ್ಟ ಉತ್ತರ ಇನ್ನೂ ಕೆಲವು ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇವೆ.

ಮಗ ಹೇಳಿದ ಊರು ಲಾಂಗ್‌ಇಯರ್‌ಬ್ಯೆನ್. ನಾರ್ವೆಯ ಮುಖ್ಯ ಭೂಭಾಗಕ್ಕೂ ಉತ್ತರ ಧ್ರುವಕ್ಕೂ ನಡುವೆ, 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಸ್ವಾಲ್ಬಾರ್ಡ್ ದ್ವೀಪಸಮೂಹದ ಪುಟ್ಟ ಪಟ್ಟಣವದು. ಜನಸಂಖ್ಯೆ ಸುಮಾರು 2,500. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಮುಳುಗುವುದಿಲ್ಲ. ನೆಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಿಮನದಿಗಳು ಮುಚ್ಚಿವೆ. (ಹಕ್ಕಿಗಳ ರಕ್ಷಣೆಗಾಗಿ ಅಲ್ಲಿ ಬೆಕ್ಕು ಸಾಕುವುದನ್ನೇ ನಿಷೇಧಿಸಿದ್ದಾರೆ. ಮೀನು ತಿನ್ನುವ ನಮ್ಮ ಊರಿನವರಿಗೆ ಬೆಕ್ಕಿಲ್ಲದ ಮನೆ ಊಹಿಸುವುದೂ ಕಷ್ಟ!) ಭಾರತಕ್ಕೂ ಈ ದ್ವೀಪಕ್ಕೂ ಹಳೆಯ ನಂಟಿದೆ. ಸ್ವಾಲ್ಬಾರ್ಡಿನ ಮೇಲೆ ನಾರ್ವೆಯ ಅಧಿಕಾರವನ್ನು ಒಪ್ಪಿದ 1920ರ ಒಪ್ಪಂದಕ್ಕೆ ಅಂದಿನ ಬ್ರಿಟಿಷ್ ಭಾರತದ ಸಹಿಯೂ ಬಿದ್ದಿತ್ತು. 2008ರಿಂದ ನಮ್ಮ ದೇಶದ 'ಹಿಮಾದ್ರಿ' ಸಂಶೋಧನಾ ಕೇಂದ್ರ ಅಲ್ಲಿನ ನ್ಯೂ ಓಲೆಸುಂಡ್‌ನಲ್ಲಿದೆ.

ನಾರ್ವೆಯ ಆರ್ಕ್ಟಿಕ್ ವಿಶ್ವವಿದ್ಯಾಲಯವು ಲಾಂಗ್‌ಇಯರ್‌ಬ್ಯೆನ್‌ನಲ್ಲಿ 'ಆರ್ಕ್ಟಿಕ್ ನೇಚರ್ ಗೈಡ್' ಎಂಬ ಒಂದು ವರ್ಷದ ಶಿಕ್ಷಣ ನಡೆಸುತ್ತದೆ. ಹಿಮನದಿಯ ಮೇಲೆ ಹಗ್ಗ ಕಟ್ಟಿ ನಡೆಯುವುದು, ಬಿರುಕಿಗೆ ಬಿದ್ದವರನ್ನು ಮೇಲೆತ್ತುವುದು, ಹಿಮಕುಸಿತದ ಲಕ್ಷಣ ಗುರುತಿಸುವುದು, ಪ್ರಥಮ ಚಿಕಿತ್ಸೆ, ದ್ವೀಪದ ಜೀವಿಗಳ ಮತ್ತು ಇತಿಹಾಸದ ಅಧ್ಯಯನ, ಇವೆಲ್ಲ ಈ ವಿದ್ಯೆಯ ಭಾಗ. ಹೊರನೋಟಕ್ಕೆ ಇದು ಮೋಜಿನ ಪ್ರವಾಸದಂತೆ ಕಾಣುತ್ತದೆ. ಆದರೆ ಅಲ್ಲಿ ನಡೆದ ಎರಡು ಘಟನೆಗಳನ್ನು ಆ ತಂದೆಗೂ ಮಗನಿಗೂ ನಾವು ಹೇಳಲೇಬೇಕಾಯಿತು.

2011ರ ಆಗಸ್ಟ್‌ನಲ್ಲಿ ಬ್ರಿಟನ್ನಿನಿಂದ ಬಂದಿದ್ದ ವಿದ್ಯಾರ್ಥಿಗಳ ತಂಡವೊಂದು ಅಲ್ಲಿ ಡೇರೆ ಹಾಕಿತ್ತು. ಹಿಮಕರಡಿ ಹತ್ತಿರ ಬಂದರೆ ಸಿಡಿದು ಎಚ್ಚರಿಸಬೇಕಾದ ತಂತಿಯ ಬೇಲಿ ಸುತ್ತಲೂ ಇತ್ತು. ಕರಡಿ ಬಂದಾಗ ಅದು ಸಿಡಿಯಲಿಲ್ಲ. ನಾಯಕನೊಬ್ಬ ಬಂದೂಕೆತ್ತಿ ಮತ್ತೆ ಮತ್ತೆ ಪ್ರಯತ್ನಿಸಿದರೂ ಗುಂಡು ಹಾರಲಿಲ್ಲ. 17 ವರ್ಷದ ಹುಡುಗನೊಬ್ಬ ಸತ್ತ, ನಾಲ್ವರು ಗಾಯಗೊಂಡರು. ಇನ್ನೊಂದು 2015ರ ಡಿಸೆಂಬರ್ 19ರದ್ದು. ಬಿರುಗಾಳಿಯ ಮರುದಿನ ಪಟ್ಟಣದ ಮೇಲಿನ ಗುಡ್ಡದಿಂದ ಹಿಮ ಕುಸಿದು ಮನೆಗಳನ್ನೇ ತಳ್ಳಿಕೊಂಡು ಹೋಯಿತು. ಇಬ್ಬರು ತೀರಿಕೊಂಡರು. ಅವರು ಚಾರಣಕ್ಕೆ ಹೋದವರಲ್ಲ, ತಮ್ಮ ಮನೆಯಲ್ಲಿದ್ದವರು.

ಆದ್ದರಿಂದಲೇ ಗೈಡ್‌ಗೆ ಧೈರ್ಯ ಮೊದಲ ಅರ್ಹತೆಯಲ್ಲ. ನಾರ್ವೆಯವರಿಗೆ ಈ ಪಾಠ ದುಬಾರಿಯಾಗಿ ಸಿಕ್ಕಿದ್ದು. ಈಸ್ಟರ್ ರಜೆಯಲ್ಲಿ ಮನೆಮಂದಿಯೆಲ್ಲ ಸ್ಕೀ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುವುದು ಅಲ್ಲಿನ ರೂಢಿ. 1967ರ ಈಸ್ಟರ್‌ನಲ್ಲಿ 18 ಮಂದಿ ಬೆಟ್ಟಗಳಲ್ಲಿ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ಅಲ್ಲಿನ ರೆಡ್ ಕ್ರಾಸ್ ಮತ್ತು ಚಾರಣ ಸಂಘ ಬೆಟ್ಟದ ನಿಯಮಗಳನ್ನು ಮನೆಮನೆಗೆ ತಲುಪಿಸಿದವು. ಒಟ್ಟು ಒಂಬತ್ತು ನಿಯಮಗಳಲ್ಲಿ ಎಂಟನೆಯದು ಹೇಳುವುದಿಷ್ಟೆ: ಸಮಯವಿರುವಾಗಲೇ ಹಿಂತಿರುಗಿ, ಅದರಲ್ಲಿ ನಾಚಿಕೆಯಿಲ್ಲ. ನಾರ್ವೆಯ ಮಕ್ಕಳಿಗೂ ಈ ಮಾತು ಬಾಯಿಪಾಠ. ಆದರೆ ಹಣ ಕೊಟ್ಟು, ರಜೆ ಹಾಕಿ ಬಂದ ಹತ್ತು ಮಂದಿಯ ಎದುರು ನಿಂತು "ಇವತ್ತು ಇಲ್ಲಿಂದಲೇ ವಾಪಸ್" ಎನ್ನುವುದು ಸುಲಭವಲ್ಲ. ಗುಂಪಿನಲ್ಲಿ ಗೊಣಗಾಟ ಶುರುವಾಗುತ್ತದೆ. ಪಕ್ಕದ ತಂಡ ಮುಂದೆ ಹೋಗುವುದು ಕಾಣುತ್ತದೆ. ಮಾಲೀಕನಿಗೆ ಉತ್ತರ ಹೇಳಬೇಕಾಗುತ್ತದೆ. ಹವಾಮಾನ ಓದುವುದನ್ನು ಪುಸ್ತಕದಿಂದ ಕಲಿಯಬಹುದು. ಆ ಗೊಣಗಾಟದ ನಡುವೆ ನಿರ್ಧಾರ ಹೇಳುವುದನ್ನು ಮಾತ್ರ ಚಳಿಯಲ್ಲಿ, ಸಹಪಾಠಿಗಳನ್ನೇ ಪ್ರವಾಸಿಗರೆಂದು ಭಾವಿಸಿ ನಡೆಸಿ, ಸಂಜೆ ಗುರುಗಳಿಂದ ತಿದ್ದಿಸಿಕೊಂಡು ಕಲಿಯಬೇಕು. ನಮ್ಮ ಅಭಿಪ್ರಾಯದಲ್ಲಿ ಇಂಥ ಶಿಕ್ಷಣದ ನಿಜವಾದ ಬೆಲೆ ಇಲ್ಲಿದೆ.

ಇದು ನಮಗೆ ದೂರದ ವಿಷಯವಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋದ ಕರ್ನಾಟಕದ ತಂಡ ಹಿಮಗಾಳಿಗೆ ಸಿಲುಕಿ 9 ಮಂದಿ ಮೃತಪಟ್ಟರು. ಅಲ್ಲಿ ಯಾರದು ತಪ್ಪು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಪ್ರತಿ ಶನಿವಾರ ರಾತ್ರಿ ಬಸ್ ತುಂಬಾ ಯುವಜನರು ಪಶ್ಚಿಮ ಘಟ್ಟಕ್ಕೆ ಹೊರಡುವ ಈ ಕಾಲದಲ್ಲಿ, ಅವರನ್ನು ಕರೆದೊಯ್ಯುವವರು ಏನು ಕಲಿತಿದ್ದಾರೆ ಎಂದು ನಾವು ಕೇಳುವುದೇ ಇಲ್ಲವಲ್ಲ, ಅದು ನಮ್ಮ ದುಃಖ.

ಗೈಡ್‌ನ ಇನ್ನೊಂದು ಹೊಣೆ ನಿಸರ್ಗದ್ದು. 2025ರ ಜನವರಿ 1ರಿಂದ ಸ್ವಾಲ್ಬಾರ್ಡಿನಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್ ದೂರವಿರಬೇಕೆಂಬ ಕಾನೂನು ಬಂದಿದೆ. ಕರಡಿಯ ಫೋಟೋಗಾಗಿಯೇ ಬಂದ ಪ್ರವಾಸಿಗೆ ಇದನ್ನು ವಿವರಿಸಿ, ಕಾಲಡಿಯ ಪಾಚಿ, ಹಿಮಜಿಂಕೆಯ ಹೆಜ್ಜೆ, ಹಳೆಯ ಬೇಟೆಗಾರರ ಗುಡಿಸಲು ತೋರಿಸಿ ಸಂತೋಷಪಡಿಸುವವನೇ ಅಲ್ಲಿ ಒಳ್ಳೆಯ ಗೈಡ್.

ಇನ್ನು ಹಣದ ವಿಚಾರ. ನಾರ್ವೆಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೂ ಬೋಧನಾ ಶುಲ್ಕವಿಲ್ಲ ಎಂಬ ಮಾತು ಇಂದಿಗೂ ನಮ್ಮಲ್ಲಿ ಓಡಾಡುತ್ತಿದೆ. ಅದು ಹಳೆಯ ಮಾತು. 2023ರ ಶರತ್ಕಾಲದಿಂದ ಯುರೋಪಿನ ಹೊರಗಿನಿಂದ ಬರುವ ಹೊಸ ವಿದ್ಯಾರ್ಥಿಗಳಿಗೆ ಶುಲ್ಕ ಶುರುವಾಗಿದೆ. ಮುಖ್ಯ ಭೂಭಾಗದಲ್ಲಿ ಓದಲು ಪರವಾನಗಿ ಬೇಕಾದರೆ ವರ್ಷದ ಖರ್ಚಿಗೆ ಒಂದೂವರೆ ಲಕ್ಷ ಕ್ರೋನರ್‌ಗಿಂತ ಹೆಚ್ಚು ಹಣವನ್ನೂ ತೋರಿಸಬೇಕು. ಸ್ವಾಲ್ಬಾರ್ಡಿಗೆ ವೀಸಾ ಬೇಡವೆಂಬುದು ನಿಜ. ಆದರೆ ವಿಮಾನ ಹೋಗುವುದು ನಾರ್ವೆಯ ಮೂಲಕ. ಭಾರತೀಯರಿಗೆ ಷೆಂಗೆನ್ ವೀಸಾ ಬೇಕೇ ಬೇಕು, ಮರಳಿ ಬರಲೂ ಸೇರಿಸಿ ಎರಡು ಪ್ರವೇಶದ್ದು. ತಮ್ಮ ಖರ್ಚನ್ನು ತಾವು ನೋಡಿಕೊಳ್ಳಲಾಗದವರನ್ನು ಅಲ್ಲಿನ ಗವರ್ನರ್ ಹೊರಗೆ ಕಳಿಸಬಹುದು. ಅಲ್ಲಿ ಕಳೆದ ವರ್ಷಗಳು ನಾರ್ವೆಯ ಕಾಯಂ ವಾಸದ ಲೆಕ್ಕಕ್ಕೆ ಬರುವುದಿಲ್ಲ. 'ಹೋದರೆ ಅಲ್ಲೇ ಸೆಟ್ಲ್ ಆಗಬಹುದು' ಎನ್ನುವ ಏಜೆಂಟರ ಮಾತನ್ನು ನಂಬಿ ಮನೆ ಅಡವಿಡುವವರು ಇದನ್ನು ಎರಡು ಬಾರಿ ಓದಬೇಕು. ಗೈಡ್ ಕೆಲಸ ಹೆಚ್ಚಿನ ಕಡೆ ಋತುವಿನ ಕೆಲಸವೆಂಬುದನ್ನೂ ಮರೆಯಬಾರದು.

ಹಾಗಾದರೆ ಬೇಡವೇ? ಬೇಡವೆಂದು ನಾವು ಹೇಳಲಿಲ್ಲ, ಇಲ್ಲಿಂದ ಶುರುಮಾಡಲಿ ಎಂದೆವು. ಡಾರ್ಜಿಲಿಂಗ್‌ನಲ್ಲಿ 1954ರಿಂದ, ಉತ್ತರಕಾಶಿಯಲ್ಲಿ 1965ರಿಂದ ಪರ್ವತಾರೋಹಣ ಸಂಸ್ಥೆಗಳಿವೆ. ಅಲ್ಲಿನ ಮೂಲ ತರಬೇತಿ ಸುಮಾರು ನಾಲ್ಕು ವಾರಗಳದ್ದು, ಖರ್ಚು ವಿದೇಶದ ಒಂದು ಪಾಲೂ ಅಲ್ಲ. ಕಬಿನಿಯಂಥ ಕಡೆ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯಲ್ಲಿ ಪ್ರಾಣಿಪಕ್ಷಿಗಳ ಬಗ್ಗೆ ವಿವರಿಸುವ ನ್ಯಾಚುರಲಿಸ್ಟ್‌ಗಳನ್ನು ಹುಡುಗ ನೋಡಿ ಬರಲಿ. ವಿದೇಶದ ಇಂಥ ಶಿಕ್ಷಣಕ್ಕೆ ಅರ್ಜಿ ಹಾಕುವಾಗ ಅಂಕಪಟ್ಟಿಯಷ್ಟೇ ಹೊರಾಂಗಣ ಅನುಭವವೂ ಮುಖ್ಯ. ಈಗಿನಿಂದಲೇ ಒಂದು ನೋಟ್‌ಬುಕ್ ಇಟ್ಟು ಪ್ರತಿ ಚಾರಣದ ದಿನಾಂಕ, ದಾರಿ, ಹವೆ, ಜೊತೆಗಿದ್ದವರ ಸಂಖ್ಯೆ, ತನ್ನ ಹೊಣೆ ಏನಿತ್ತು ಎಂಬುದನ್ನು ಬರೆಯಲಿ ಎಂದೆವು.

ಮರುವಾರ ಹುಡುಗನೇ ಫೋನ್ ಮಾಡಿದ. ಕಳೆದ ಮಳೆಗಾಲದಲ್ಲಿ ಹಳ್ಳ ಉಕ್ಕಿದ್ದರಿಂದ ಅರ್ಧ ದಾರಿಯಲ್ಲೇ ಹಿಂತಿರುಗಿದ ಚಾರಣವನ್ನೂ ಬರೆಯಬೇಕೇ ಎಂದು ಕೇಳಿದ. ಹಳ್ಳದ ನೀರು ಎಷ್ಟಿತ್ತು, ಹಿಂತಿರುಗೋಣ ಎಂದು ಮೊದಲು ಹೇಳಿದವರು ಯಾರು ಎಂಬುದನ್ನೂ ಸೇರಿಸಿ ಬರೆ ಎಂದೆವು.