ಬಣ್ಣ ಹೋದರೆ ವಿಷ ಹೋಯಿತೆ?

ಮಳೆಗೆ ಸಿಕ್ಕಿದ ಶೇಂಗಾ ಅಥವಾ ಮೆಕ್ಕೆಜೋಳಕ್ಕೆ ಹಸಿರು, ಹಳದಿ ಬಣ್ಣದ ಬೂಷ್ಟು ಹಿಡಿಯುವುದನ್ನು ರೈತ ಕುಟುಂಬದವರೆಲ್ಲರೂ ಕಂಡಿರುತ್ತಾರೆ. ಅದನ್ನು ತಿಕ್ಕಿ ತೊಳೆದು, ಹುರಿದು, ಹುಣಸೆಹುಳಿ ಬೆರೆಸಿ ಅಡಿಗೆ ಮಾಡಿದಾಗ ಬಣ್ಣವು ಕಾಣದಂತಾಗುತ್ತದೆ. ಅದರೊಡನೆ ದೋಷವೂ ಕಳೆಯಿತೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ.

ಬೂಷ್ಟಿನ ಬಣ್ಣವೇ ಬೇರೆ, ಅದರ ವಿಷವೇ ಬೇರೆ. ಚೀನಾ ದೇಶದಲ್ಲಿ ಮೊನಾಸ್ಕಸ್ ಎಂಬ ಬೂಷ್ಟನ್ನು ಅನ್ನದ ಮೇಲೆ ಬೆಳೆಸಿ, ಅದರ ಕೆಂಪನ್ನು ಆಹಾರಕ್ಕೆ ಬಣ್ಣವಾಗಿ ಬಳಸುವ ಪದ್ಧತಿ ಶತಮಾನಗಳಿಂದ ಇದೆ. ಬಹಳ ಹೊತ್ತು ಕುದಿಸಿದರೆ ಈ ಕೆಂಪು ಮಾಸುತ್ತದೆ, ಹುಳಿ ಹೆಚ್ಚಾದಲ್ಲಿಯೂ ಕೆಡುತ್ತದೆ, ಬಿಸಿಲಿಗೂ ತಾಳದು. ಆದರೆ ಇದೇ ಬೂಷ್ಟಿನ ಕೆಲವು ತಳಿಗಳು ಸಿಟ್ರಿನಿನ್ ಎಂಬ, ಮೂತ್ರಪಿಂಡಕ್ಕೆ ಹಾನಿಕರವಾದ ವಸ್ತುವನ್ನೂ ಉಂಟುಮಾಡುತ್ತವೆ. ಕೆಂಪು ಮಾಸಿದ ಮಾತ್ರಕ್ಕೆ ಅದೂ ನಾಶವಾಯಿತೆಂದು ಹೇಳಲಾಗದು.

ನಮ್ಮ ಶೇಂಗಾ, ಮೆಕ್ಕೆಜೋಳಗಳಿಗೆ ಹಿಡಿಯುವ ಹಸಿರು ಬೂಷ್ಟು ಇದಕ್ಕಿಂತ ಘೋರವಾದುದು. ಅದು ಹುಟ್ಟಿಸುವ ಅಫ್ಲಾಟಾಕ್ಸಿನ್ ಎಂಬ ವಿಷವು ಕಾಳಿನಲ್ಲಿ ಕಣ್ಣಿಗೆ ಕಾಣದು. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಈ ವಿಷವು ಪೂರ್ಣವಾಗಿ ಒಡೆಯಲು 200 ಡಿಗ್ರಿಗೂ ಮೀರಿದ ಶಾಖ ಬೇಕು. ಹುರಿದಾಗ ಕೊಂಚ ತಗ್ಗೀತು, ಅಷ್ಟೆ. ಹುಣಸೆ, ಮಜ್ಜಿಗೆಗಳ ಹುಳಿಗೂ ಅದು ಜಗ್ಗದು. 1974ರಲ್ಲಿ ಗುಜರಾತಿನ ಪಂಚಮಹಲ್ ಹಾಗೂ ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳವನ್ನು ಉಂಡವರಿಗೆ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಬಡವರು ಬೆಳೆದುದನ್ನು ಚೆಲ್ಲಲಾರದೆ ಉಂಡರು. ಅವರನ್ನು ದೂರಿ ಫಲವಿಲ್ಲ.

ಆದುದರಿಂದ ಎಚ್ಚರಿಕೆಯು ಒಲೆಯ ಬಳಿಯಲ್ಲ, ಕಣದಲ್ಲಿಯೇ ಆರಂಭವಾಗತಕ್ಕದ್ದು. ಶೇಂಗಾಕಾಯಿಯನ್ನು ಅಲುಗಿಸಿದಾಗ ಒಳಗಿನ ಕಾಳು ಗಲಗಲ ಎನ್ನುವವರೆಗೆ ಒಣಗಿಸಿ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿರಿ. ಅಡಿಗೆಗೆ ಮುನ್ನ ಬಣ್ಣಗೆಟ್ಟ, ಮುರುಟಿದ, ಕಹಿಯಾದ ಕಾಳುಗಳನ್ನು ಆರಿಸಿ ತೆಗೆಯಿರಿ. ಈ ಕೆಲಸವನ್ನು ಹೆಂಗಸರಿಗೇ ಬಿಡದೆ ಗಂಡಸರೂ ಕೈಗೂಡಿಸಬೇಕು. ಗರ್ಭಿಣಿಯರಿಗೂ ಎಳೆಯ ಮಕ್ಕಳ ಹಿಟ್ಟಿಗೂ ಅಂಥ ಕಾಳನ್ನು ಸರ್ವಥಾ ಬಳಸಕೂಡದು. ಆರಿಸಿ ತೆಗೆದುದನ್ನು ಹಸುವಿನ ಮುಂದೆ ಸುರಿಯುವುದೂ ತಪ್ಪು. ಆ ವಿಷದ ಅಂಶವು ಹಾಲಿಗೆ ಇಳಿದು, ಮರಳಿ ಮಗುವಿನ ಬಟ್ಟಲಿಗೇ ಬರುತ್ತದೆ.