ಬಹುಮಾನ ಕರುವಿಗೆ, ಪರೀಕ್ಷೆ ಹಗ್ಗ ಹಿಡಿದವರಿಗೆ

ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ದನ ಮೆರೆಸುವುದೆಂದರೆ ಹೋರಿ ಹಬ್ಬ. ದೀಪಾವಳಿ ಮುಗಿದದ್ದೇ ತಡ, ಕೊಬ್ಬರಿ ಹಾರ, ಬಲೂನು, ಜೂಲ ತೊಟ್ಟ ಹೋರಿಗಳು ಓಡುತ್ತವೆ, ಹುಡುಗರು ಕೊಬ್ಬರಿ ಕೀಳಲು ಮುಗಿಬೀಳುತ್ತಾರೆ. ಆ ಗದ್ದಲದ ಮುಂದೆ ಪಶುಪಾಲನಾ ಇಲಾಖೆಯ ಮಿಶ್ರತಳಿ ಕರುಗಳ ಪ್ರದರ್ಶನ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮಕ್ಕಳು ದನ ಹಿಡಿಯುವುದನ್ನು ಕಲಿಯುವ ಜಾಗ ನನಗೆ ಕಾಣುವಂತೆ ಇದೇ.

ಡೈರಿ ಮುಂದೋ ಶಾಲೆಯ ಬಯಲಲ್ಲೋ ಕರುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ದನದ ಡಾಕ್ಟ್ರು ವಯಸ್ಸಿಗೆ ತಕ್ಕ ಬೆಳವಣಿಗೆ, ಕೂದಲಿನ ಹೊಳಪು, ಬೆನ್ನಿನ ನೇರ, ಕಾಲಿನ ಬಲ ನೋಡುತ್ತಾರೆ. ಇದ್ಯಾವುದೂ ಹಿಂದಿನ ದಿನದ ಸ್ನಾನದಿಂದ ಬರುವುದಲ್ಲ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿದಿರಬೇಕು, ಹೊತ್ತಿಗೆ ಸರಿಯಾಗಿ ಜಂತುಹುಳದ ಔಷಧಿ ಬಿದ್ದಿರಬೇಕು. ಹೆಣ್ಣುಗರುವಾದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆಯೂ ಆಗಿರಬೇಕು. ನಾಲೆ ನೀರಿನ ಚನ್ನಗಿರಿಯಲ್ಲಿ ಹಸಿಮೇವಿಗೆ ಅಷ್ಟು ತಾಪತ್ರಯವಿಲ್ಲ. ಬರದ ಜಗಳೂರಿನಲ್ಲಿ ಒಣಸೊಪ್ಪೆ ತಿನ್ನಿಸಿ ಅಂಥದೇ ಕರು ಸಾಕಿದವರ ಶ್ರಮ ಎರಡು ಪಟ್ಟು. ಒಂದೇ ಅಳತೆಗೋಲು ಹಿಡಿಯುವ ತೀರ್ಪುಗಾರರು ಇದನ್ನೂ ಗಮನಿಸಬಾರದೇಕೆ?

ಹಗ್ಗದ ಕೆಲಸ ಬೇರೆಯದೇ. ಗುಂಪು ಕಂಡು ಬೆದರಿದ ಕರು ನಾಲ್ಕೂ ಕಾಲೂರಿ ನಿಂತುಬಿಡುತ್ತದೆ. ಮಗು ಎಳೆಯುತ್ತದೆ, ಅಪ್ಪ ಹಿಂದಿನಿಂದ ಬಾಲ ತಿರುವುತ್ತಾನೆ, ಕರು ಇನ್ನಷ್ಟು ಹಟ ಹಿಡಿಯುತ್ತದೆ. ಪಳಗಿಸುವ ಗುಟ್ಟು ಎಳೆಯುವುದರಲ್ಲಿಲ್ಲ, ಸಡಿಲ ಬಿಡುವುದರಲ್ಲಿದೆ. ಮೆಲ್ಲಗೆ ಬಿಗಿ ಮಾಡಿ ಕಾಯಬೇಕು, ಕರು ಒಂದು ಹೆಜ್ಜೆ ಇಟ್ಟ ಕ್ಷಣವೇ ಹಗ್ಗ ಸಡಿಲಿಸಬೇಕು. ಹೆಜ್ಜೆ ಇಟ್ಟರೆ ಕೊರಳು ಹಗುರಾಗುತ್ತದೆಂದು ಅದಕ್ಕೆ ತಿಳಿಯಲು ಕೆಲವು ವಾರವೇ ಬೇಕು. ದಿನಾ ಸಂಜೆ ಮೈ ತಿಕ್ಕಿ, ಉಣ್ಣೆ ಕಿತ್ತು, ಬೀದಿಯಲ್ಲಿ ಬೈಕು, ನಾಯಿಗಳ ನಡುವೆ ನಡೆಸಿದರೆ ಪ್ರದರ್ಶನದ ಮೈಕಿಗೂ ಅದು ಕಿವಿಗೊಡುವುದಿಲ್ಲ. ನಿಲ್ಲಿಸುವಾಗ ಮುಂಗಾಲು ತುಸು ಎತ್ತರದ ನೆಲದ ಮೇಲಿರಲಿ, ಬೆನ್ನು ತಗ್ಗಿದಂತೆ ಕಾಣುವುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಮಾತ್ರ ಬೇಡವೇ ಬೇಡ. ಕರು ಕಿತ್ತರೆ ಬೆರಳೇ ಹೋದೀತು.

ಅಮೆರಿಕದಲ್ಲಿ ಹಳ್ಳಿ ಮಕ್ಕಳಿಗಾಗಿ 1902ರಲ್ಲಿ ಓಹಾಯೊ ರಾಜ್ಯದಲ್ಲಿ ಮೊಳೆತ ಕೂಟಗಳು ಫೋರ್-ಎಚ್ ಎಂಬ ಹೆಸರಿನಲ್ಲಿ ದೇಶವ್ಯಾಪಿಯಾದವು. ಅಲ್ಲಿನ ಮೇಳಗಳಲ್ಲಿ ರಾಸಿನ ಅಂದಕ್ಕೆ ಒಂದು ಸ್ಪರ್ಧೆ, ಅದನ್ನು ನಡೆಸಿ ನಿಲ್ಲಿಸಿ ತೋರಿಸುವ ಮಗುವಿನ ಜಾಣ್ಮೆಗೆ ಇನ್ನೊಂದು. ಎರಡನೆಯದರಲ್ಲಿ ಸಾಧಾರಣ ಕರು ತಂದವರೂ ಗೆಲ್ಲಬಹುದು, ಏಕೆಂದರೆ ತೀರ್ಪುಗಾರರ ಕಣ್ಣು ಹಗ್ಗ ಹಿಡಿದ ಕೈಯ ಮೇಲಿರುತ್ತದೆ.

ನಮ್ಮಲ್ಲಿ ಒಳ್ಳೆ ತಳಿ, ಹಿಂಡಿ, ಬೂಸಾಕ್ಕೆ ದುಡ್ಡಿರುವ ಮನೆಯ ಕರುವೇ ಹೆಚ್ಚಾಗಿ ಮೊದಲು ನಿಲ್ಲುತ್ತದೆ. ಬಹುಮಾನಕ್ಕೆ ತಂದಿಟ್ಟ ಸ್ಟೀಲ್ ಪಾತ್ರೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿ, ಕರು ಚೆನ್ನಾಗಿ ನಡೆಸಿದ ಹುಡುಗನಿಗೋ ಹುಡುಗಿಗೋ ಕೊಡಲು ಇಲಾಖೆಗೆ ಹೊಸ ಯೋಜನೆಯೇನೂ ಬೇಕಿಲ್ಲ.