ಹೊಸ ವಿಂಡೋಸೂ ಹಳೆಯ ಹಾಡಿನ ಕಡತವೂ

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ಇತರರ ಅರ್ಜಿಗಳ ಮೇಲೆ ‘ಅನರ್ಹ’ ಎಂದು ಷರಾ ಬರೆದವನು ನಾನು. ಕಳೆದ ವರ್ಷ ನನ್ನ ಮನೆಯ ಗಣಕಯಂತ್ರವೇ ಆ ಷರಾವನ್ನು ನನಗೆ ತೋರಿಸಿತು. ಅದು 2017ರಲ್ಲಿ, ನಿವೃತ್ತಿಗೆ ಒಂದು ವರ್ಷ ಮುಂಚೆ ಕೊಂಡದ್ದು. ವಿಂಡೋಸ್ 11 ಅಳವಡಿಸಿಕೊಳ್ಳಲು ಅದಕ್ಕೆ ಅರ್ಹತೆ ಇಲ್ಲವಂತೆ. ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಅನರ್ಹತೆಯ ಕಾರಣ ಯಂತ್ರದ ಮುಪ್ಪಲ್ಲ. ಹೊಸ ವ್ಯವಸ್ಥೆಗೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು; ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದೋ ಅದಕ್ಕಿಂತ ಹೊಸದೋ ಆಗಿರಬೇಕು. ನನ್ನದು ಏಳನೆಯದು. ಚಿಕ್ಕಪೇಟೆಯ ಜನಜಂಗುಳಿ ದಾಟಿ ಎಸ್.ಪಿ. ರಸ್ತೆಗೆ ನಡೆದು ಹೋಗಿ ವಿಚಾರಿಸಿದೆ. ಅಂಗಡಿಯ ಹುಡುಗ, ‘ಹೊಸದೇ ತಗೊಂಡುಬಿಡಿ ಸರ್, ಇದಕ್ಕೆ ಖರ್ಚು ಮಾಡಬೇಡಿ’ ಎಂದ. ಅವನ ಮಾತಿನಲ್ಲಿ ವ್ಯಾಪಾರವೂ ಇತ್ತು, ಸತ್ಯವೂ ಇತ್ತು.

ಅರ್ಥಶಾಸ್ತ್ರ ಓದಿದವರಿಗೆ ಇಂಥಲ್ಲಿ ಒಂದು ಪಾಠ ನೆನಪಾಗಬೇಕು: ಈಗಾಗಲೇ ಕೊಟ್ಟ ಹಣ ಮುಳುಗಿದ ವೆಚ್ಚ, ಮುಂದಿನ ತೀರ್ಮಾನದಲ್ಲಿ ಅದಕ್ಕೆ ಸ್ಥಾನವಿಲ್ಲ. ಇನ್ನೊಂದು ಪಾಠವೂ ಇದೆ. ಭದ್ರತೆಯಿಲ್ಲದ ಯಂತ್ರ ಯಜಮಾನನೊಬ್ಬನ ನಷ್ಟವಲ್ಲ. ನಮ್ಮ ಮೋರಿ ಕಟ್ಟಿಕೊಂಡರೆ ನೀರು ನುಗ್ಗುವುದು ಪಕ್ಕದ ಮನೆಗೆ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ಪಿಡುಗು ಹರಡಿದಾಗ ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳ ಭೇಟಿಗಳನ್ನು ರದ್ದು ಮಾಡಬೇಕಾಯಿತು. ಅದನ್ನು ತಡೆಯುವ ಪರಿಷ್ಕರಣೆ ಮಾರ್ಚ್‌ನಲ್ಲೇ ಬಂದಿತ್ತು, ಅನೇಕರು ಹಾಕಿಕೊಂಡಿರಲಿಲ್ಲ. ನಮ್ಮಲ್ಲಿಯೂ ವಿಂಡೋಸ್ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತ ಮೇಲೆ ಎಷ್ಟೋ ಎಟಿಎಂಗಳು ಅದರಲ್ಲೇ ಓಡುತ್ತಿದ್ದವು. 2019ರ ಜೂನ್‌ ಒಳಗೆ ಅದನ್ನು ಕೈಬಿಡುವಂತೆ ರಿಸರ್ವ್ ಬ್ಯಾಂಕು 2018ರಲ್ಲಿ ಬ್ಯಾಂಕುಗಳಿಗೆ ತಾಕೀತು ಮಾಡಬೇಕಾಯಿತು. ಆದ್ದರಿಂದ ಬದಲಾಯಿಸಬೇಕೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ.

ಕೈ ಕಟ್ಟಿಹಾಕಿದ್ದು ಒಂದು ಕಡತ. 2004ರ ಸುಮಾರಿಗೆ ನನ್ನ ಪತ್ನಿ ತನ್ನ ತಾಯಿ ಹೇಳಿಕೊಡುತ್ತಿದ್ದ ಹಾಡುಗಳನ್ನು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಒಟ್ಟು 212ನ್ನು, ಮಧ್ಯಾಹ್ನಗಳಲ್ಲಿ ಕುಳಿತು ಬೆರಳಚ್ಚು ಮಾಡಿದಳು. ಅತ್ತೆಯವರು ಹೋಗಿ ಬಹಳ ಕಾಲವಾಯಿತು. ಪತ್ನಿಯೂ ತೀರಿಕೊಂಡು ಆರು ವರ್ಷವಾಗಿದೆ. ಆ ಕಡತವನ್ನು ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಒಂದೇ ಒಂದು ಕನ್ನಡ ಅಕ್ಷರ ಕಾಣಲಿಲ್ಲ. ತಲೆಯ ಮೇಲೆ ಗೀಟು, ಚುಕ್ಕೆ, ಸೊನ್ನೆ ಹೊತ್ತ ರೋಮನ್ ಅಕ್ಷರಗಳ ಸಂತೆ. ‘ಅಮ್ಮ ಬರೆದಿದ್ದು ಇದೇನಾ ಅಪ್ಪಾ?’ ಎಂದು ಮಗ ಕೇಳಿದ.

ಇದು ಯಾರ ತಪ್ಪೂ ಅಲ್ಲ. ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳು ಬಂದ ಕಾಲದಲ್ಲಿ ಸಾಮಾನ್ಯ ಗಣಕಗಳಲ್ಲಿ ಕನ್ನಡಕ್ಕೆಂದು ಜಾಗವೇ ಇರಲಿಲ್ಲ. ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದರು. ಕನ್ನಡ ಗಣಕಕ್ಕೆ ಬಂದದ್ದೇ ಆ ಜಾಣ್ಮೆಯಿಂದ. ಆದರೆ ಒಳಗೆ ಸಂಗ್ರಹವಾಗುವುದು ಐರೋಪ್ಯ ಅಕ್ಷರದ ಸಂಖ್ಯೆಯೇ. ಫಾಂಟ್ ಎಂಬ ವೇಷ ಕಳಚಿದರೆ ಕನ್ನಡವೂ ಹೋಯಿತು. ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿಯಿದೆ, ‘ಕ’ ಅಕ್ಷರದ ಸಂಖ್ಯೆ 3221. ಆ ಸಂಖ್ಯೆ ಬೇರಾವ ಭಾಷೆಯ ಅಕ್ಷರಕ್ಕೂ ಇಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನೂ ತಂದಿತು. ಆದರೂ ಕಚೇರಿಗಳು, ಡಿಟಿಪಿ ಅಂಗಡಿಗಳು ಹಳೆಯ ವಿಧಾನವನ್ನು ವರ್ಷಗಟ್ಟಲೆ ಬಿಡಲಿಲ್ಲ. ಮೊದಲು ರೂಢಿಯಾದದ್ದೇ ಬೇರೂರುವ ಈ ಬಗೆಯನ್ನು ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1985ರಲ್ಲಿ ಇಂಗ್ಲಿಷ್ ಬೆರಳಚ್ಚು ಯಂತ್ರದ ಕೀಲಿಮಣೆಯ ಉದಾಹರಣೆಯಿಂದ ವಿವರಿಸಿದ್ದರು. ನಮ್ಮ ಕಚೇರಿಯೂ ಆತನಿಗೆ ಸಾಕ್ಷಿ ನುಡಿಯಬಹುದಿತ್ತು.

ಅದೇ ಫಾಂಟನ್ನು ಹೊಸ ವಿಂಡೋಸಿನಲ್ಲಿ ಹಾಕಿಕೊಂಡರೆ ಅಕ್ಷರಗಳು ಮರಳಿ ಬರುತ್ತವೆ, ನಿಜ. ಆದರೆ ಮೊಬೈಲಿಗೆ ಕಳಿಸಿದರೆ ಮತ್ತೆ ಸಂತೆಯೇ. ಹಾಡಿನ ಮೊದಲ ಪದ ಕೊಟ್ಟು ಹುಡುಕಿದರೂ ಸಿಗದು.

ಆಗ ನೆನಪಾದದ್ದು ನಮ್ಮ ತಂದೆಯವರು. ಅಕ್ಕಿಪೇಟೆಯಲ್ಲಿ ಅವರದು ಅಕ್ಕಿ ಮಂಡಿ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು; ಬೆನ್ನಿಗೇ ಸೇರು ಹೋಗಿ ಕಿಲೋ ಬಂತು. ಬೀದಿಯ ಹಲವರು ಹೊಸ ತೂಕದ ಬಟ್ಟುಗಳನ್ನು ಕೊಂಡು ತಂದು, ಹಳೆಯ ಬಾಕಿಯನ್ನು ಗಿರಾಕಿಗೆ ಲೆಕ್ಕ ಹೇಳಲಾರದೆ ಜಗಳಕ್ಕೆ ಬಿದ್ದರಂತೆ. ತಂದೆಯವರು ಮೊದಲು ಖಾತೆ ಪುಸ್ತಕದ ಬಾಕಿಯನ್ನೆಲ್ಲ ಹೊಸ ಮಾನಕ್ಕೆ ಬರೆದುಕೊಂಡು, ಆಮೇಲಷ್ಟೇ ಬಟ್ಟು ಬದಲಿಸಿದರಂತೆ.

ನಾನೂ ಅದನ್ನೇ ಮಾಡಿದೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆ ಕೊಡುವ ಯೋಜನೆಯನ್ನು ಕಂಪನಿ ಪ್ರಕಟಿಸಿತ್ತು. ಶುಲ್ಕ 30 ಡಾಲರ್. ಯಂತ್ರದ ಸೆಟ್ಟಿಂಗುಗಳನ್ನು ಕಂಪನಿಯ ಖಾತೆಗೆ ಜೋಡಿಸಿದರೆ ಉಚಿತ. ನಾನು ಉಚಿತದ ದಾರಿ ಹಿಡಿದೆ, ನಿವೃತ್ತರ ಸ್ವಭಾವವೇ ಹಾಗೆ. ಆ ಬಿಡುವಿನಲ್ಲಿ ಹಾಡುಗಳನ್ನು ಯೂನಿಕೋಡಿಗೆ ತರುತ್ತಿದ್ದೇನೆ. ಪರಿವರ್ತಕ ತಂತ್ರಾಂಶ ಕ್ಷಣದಲ್ಲಿ ಮುಗಿಸುತ್ತದೆ, ಒಪ್ಪವಾಗಿ ಮುಗಿಸುವುದಿಲ್ಲ. ಹಳೆಯ ವಿಧಾನದಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಅದನ್ನು ಹಿಂದಕ್ಕೆ ಸರಿಸುವಾಗ ಕೆಲವೊಮ್ಮೆ ಎಡವುತ್ತದೆ. ಯಾವ ಹಾಡು ಯಾವ ಊರಿನದೆಂದು ಪತ್ನಿ ಇಂಗ್ಲಿಷಿನಲ್ಲಿ ಗುರುತು ಹಾಕಿದ್ದ ಪದಗಳನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಮಾಲೆ ಮಾಡಿಬಿಡುತ್ತದೆ. ಹೀಗಾಗಿ ಪ್ರತಿ ಹಾಡನ್ನೂ ಓದಲೇಬೇಕು.

ಮನೆಯದು ಹೀಗೆ. ಕಚೇರಿಯದು? ನಾನೇ ಸಹಿ ಹಾಕಿದ ಆದೇಶಗಳು, ವರದಿಗಳು ಇದೇ ಹಳೆಯ ಸಂಕೇತದಲ್ಲಿ ಎಷ್ಟೋ ಯಂತ್ರಗಳಲ್ಲಿ ಕುಳಿತಿರಬೇಕು. ಕೆಂಪು ಬಟ್ಟೆಯ ಗಂಟಿನಲ್ಲಿದ್ದ ಕಾಗದಕ್ಕೆ ಇಂತಿಷ್ಟು ವರ್ಷ ಇಡತಕ್ಕದ್ದು ಎಂಬ ನಿಯಮವಿತ್ತು, ಕಾಯುವ ದಫ್ತರದಾರನಿದ್ದ. ಹಳೆಯ ಗಣಕವನ್ನು ವಿಲೇವಾರಿ ಮಾಡುವಾಗ ಅದರೊಳಗಿನ ಕನ್ನಡವನ್ನು ಮೊದಲು ಪರಿವರ್ತಿಸಿ ಇಟ್ಟಿದ್ದೀರಾ ಎಂದು ಕೇಳುವ ಒಂದು ಸಾಲು ವಿಲೇವಾರಿ ನಮೂನೆಯಲ್ಲಿದ್ದದ್ದು ನನ್ನ ಸೇವೆಯಲ್ಲಿ ನಾನು ಕಾಣೆ. ಅಧಿಕಾರದಲ್ಲಿದ್ದಾಗ ಆ ಸಾಲನ್ನು ಸೇರಿಸಲು ನಾನೂ ಬರೆಯಲಿಲ್ಲ.

ಇದುವರೆಗೆ 140 ಹಾಡುಗಳಾಗಿವೆ. ಉಳಿದವೂ ಮುಗಿದರೆ ಎಸ್.ಪಿ. ರಸ್ತೆಯ ಹುಡುಗನ ಬಳಿ ಮತ್ತೆ ಹೋಗುವೆ. ಹಳೆಯ ಯಂತ್ರ ಲಿನಕ್ಸ್ ಹಾಕಿಸಿಕೊಂಡು ಮೊಮ್ಮಗಳ ಪಾಲಾಗಲಿದೆ. ಮೊನ್ನೆ ಒಂದು ಬೀಗರ ಹಾಡಿನ ನಡುವೆ ಸಾಲಿನುದ್ದಕ್ಕೂ ಚುಕ್ಕೆಗಳು ಸಿಕ್ಕವು. ಪರಿವರ್ತಕದ ದೋಷವೆಂದು ಮೂಲ ತೆರೆದು ನೋಡಿದೆ. ಅಲ್ಲಿಯೂ ಚುಕ್ಕೆಗಳೇ ಇದ್ದವು, ಪಕ್ಕದಲ್ಲಿ ಪತ್ನಿಯ ಟಿಪ್ಪಣಿ: ಅಮ್ಮನಿಗೆ ಈ ಸಾಲು ನೆನಪಾಗಲಿಲ್ಲ, ನಾಳೆ ಕೇಳಬೇಕು.